ಸತ್ತವರಿಗೂ ಒಂದೂವರೆ ಯೂರೋ ಟಿಕೆಟ್

ಕಾಫಿ ಒಂದು ಯೂರೋ ಇಪ್ಪತ್ತು ಸೆಂಟ್, ನಿಂತು ಕುಡಿದರೆ. ಕೂತರೆ ಮೂರು ಯೂರೋ, ಆದ್ದರಿಂದ ಕೂರಬಾರದು. ಕರಿದ ಪಿಜ್ಜಾ ಮೂರು ಯೂರೋ, ಒಂದು ತಿಂದರೆ ಸಂಜೆಯವರೆಗೆ ಹೊಟ್ಟೆ ಕೇಳುವುದಿಲ್ಲ. ಬಸ್ಸಿಗೂ ಮೆಟ್ರೋಗೂ ನಡೆಯುವ ಟಿಕೆಟ್ ಒಂದೂವರೆ. ಬಸ್ಸಿನೊಳಗಿನ ಡಬ್ಬಿಯಲ್ಲಿ ಅದಕ್ಕೆ ಮುದ್ರೆ ಬಿದ್ದ ಮೇಲೆ ತೊಂಬತ್ತು ನಿಮಿಷ ಓಡಾಡಬಹುದು. ದಿನವಿಡೀ ಓಡಾಡುವ ಟಿಕೆಟ್ ಐದು ಯೂರೋ ನಲವತ್ತು. ಕೋಟೆಯಿರುವ ಸಂತ ಮಾರ್ತಿನೋ ಗುಡ್ಡದ ಮೆಟ್ಟಿಲು ಹತ್ತಲು ದುಡ್ಡು ಕೊಡಬೇಕಿಲ್ಲ, ಅಲ್ಲಿಂದ ಕಾಣುವ ಕಡಲಿಗೂ ಇಲ್ಲ. ಬೀದಿ ನಲ್ಲಿಯ ನೀರು ಬಿಟ್ಟಿ. ಸಾನಿತಾ ಕೇರಿಯ ಸಂತ ವೆನಾಂಜಿಯೋ ಚರ್ಚಿನ ನೆಲಮಾಳಿಗೆಯಲ್ಲಿರುವ ಆರುನೂರ ಹನ್ನೆರಡು ತಲೆಬುರುಡೆಗಳನ್ನು ನೋಡುವುದೂ ಬಿಟ್ಟಿ.

ನೇಪಲ್ಸ್‌ಗೆ ಬರುವ ಕೈಬಿಗಿಯ ಪ್ರವಾಸಿಗಳಿಗೆ ಎರ್ಸಿಲಿಯಾ ಕಪಾಸ್ಸೊ ಮೂವತ್ತೊಂದು ವರ್ಷದಿಂದ ಬಾಯಲ್ಲೇ ಒಪ್ಪಿಸುತ್ತಿರುವ ಪಟ್ಟಿ ಇದು. ಆ ನೆಲಮಾಳಿಗೆಯ ಬೀಗದ ಕೈ ಇರುವುದು ಅವಳ ಏಪ್ರನ್ನಿನ ಜೇಬಿನಲ್ಲಿ.

ಬೆಳಗಿನ ಐದೂವರೆ. ಕೇರಿಯ ಅಂಗಡಿಗಳ ಬಾಗಿಲು ಇನ್ನೂ ಎದ್ದಿಲ್ಲ. ಎರ್ಸಿಲಿಯಾ ಕಬ್ಬಿಣದ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಾಳೆ, ಮೂವತ್ತೆಂಟು ಮೆಟ್ಟಿಲು ಇಳಿಯುತ್ತಾಳೆ. ಕೆಳಗೆ ಮೇಣದ ವಾಸನೆ, ಹಳೆಯ ಕಲ್ಲಿನ ತಂಪು. ಮೂರೂ ಗೋಡೆಗೆ ಗೂಡುಗಳ ಸಾಲು, ಗೂಡಿಗೊಂದು ಬುರುಡೆ. "ಎದ್ರಾ ಎಲ್ರೂ?" ಎಂದು ಕೇಳುತ್ತಾಳೆ. ಉತ್ತರಕ್ಕೆ ಕಾಯುವವಳಂತೆ ಒಂದು ಗಳಿಗೆ ನಿಂತು, ಆಮೇಲೆ ದೀಪ ಹಾಕುತ್ತಾಳೆ.

ಕೆಲಸ ಸರಳ. ತನ್ನ ಮದುವೆಯ ಹಾಸಿಗೆ ಬಟ್ಟೆಯನ್ನೇ ಹರಿದು ಮಾಡಿಕೊಂಡ ತುಂಡಿನಿಂದ ದಿನಕ್ಕೆ ಇಪ್ಪತ್ತು ಬುರುಡೆ ಒರೆಸಬೇಕು. ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಒಂದು ದಿನಕ್ಕೆ ನಲವತ್ತು ಜನ ಬಂದರೆ ಹೆಚ್ಚು. ಚರ್ಚು ಕೊಡುವುದು ತಿಂಗಳಿಗೆ ಮುನ್ನೂರು ಯೂರೋ. ಮಿಕ್ಕಿದ್ದಕ್ಕೆ ಎರಡು ಕಟ್ಟಡಗಳ ಮೆಟ್ಟಿಲು ತೊಳೆಯುತ್ತಾಳೆ. ವಯಸ್ಸು ಅರವತ್ತೆರಡು, ಮಂಡಿಗಳಿಗೆ ಅದಕ್ಕಿಂತ ಜಾಸ್ತಿ.

"ಇವ್ರೆಲ್ಲ ಪ್ಲೇಗಿನಲ್ಲಿ ಹೋದೋರು. ಹೆಸರಿಲ್ಲ, ಅಳೋರಿಲ್ಲ," ಎನ್ನುತ್ತಾಳೆ. "ನಮ್ಮ ಕೇರಿಯೋರು ಒಬ್ಬೊಬ್ರು ಒಂದೊಂದನ್ನ ಸಾಕ್ಕೋತಾರೆ. ಒರೆಸೋದು, ದೀಪ ಇಡೋದು, ಪ್ರಾರ್ಥನೆ ಮಾಡೋದು. ಅದು ಕನಸಲ್ಲಿ ಬಂದು ಹೆಸರು ಹೇಳತ್ತೆ, ಕಷ್ಟಕ್ಕೆ ಆಗತ್ತೆ. ಆಗ್ಲಿಲ್ಲ ಅನ್ಕೋ, ಬಿಟ್ಟು ಪಕ್ಕದ್ದು ಹಿಡ್ಕೋತಾರೆ. ಸತ್ತೋರಾದ್ರೇನು, ಸೋಮಾರಿಗಳನ್ನ ಯಾರು ಸಾಕ್ತಾರೆ?"

ಸಾಕಿದವರು ಕಾಣಿಕೆ ಇಡುತ್ತಾರೆ: ಮಣಿಸರ, ಪೆಪ್ಪರಮಿಂಟು, ಬಸ್ ಟಿಕೆಟ್. ಪಾಪದ ಆತ್ಮಗಳು ಒಂದೇ ಗೂಡಿನಲ್ಲಿ ಎಷ್ಟು ದಿನ ಇದ್ದಾವು, ಒಂದು ಸುತ್ತು ಹೋಗಿ ಬರಲಿ ಎಂದು. ಪ್ರವಾಸಿಗಳು ಅದನ್ನು ನೋಡಿ, ತಾವೂ ಜೇಬು ತಡಕಿ, ಓಡಾಡಿ ಮುಗಿಸಿದ ಟಿಕೆಟ್ಟನ್ನು ಇಟ್ಟುಬಿಡುತ್ತಾರೆ. ಅಲ್ಲಿ ಎರ್ಸಿಲಿಯಾಳ ತಾಳ್ಮೆ ತಪ್ಪುತ್ತದೆ. "ಮುದ್ರೆ ಬಿದ್ದಿರೋದನ್ನ ಇಡ್ತೀಯಲ್ಲಪ್ಪ, ಅಗಿದು ಉಗಿದ ರೊಟ್ಟೀನ ನಿಮ್ಮಜ್ಜಿಗೆ ಬಡಿಸ್ತೀಯಾ?" ಎಂದು ಎತ್ತರದ ಜರ್ಮನ್ ಹುಡುಗನೊಬ್ಬನನ್ನು ಬೈಯುವುದನ್ನು, ಅವಳ ಪಟ್ಟಿ ಬರೆದುಕೊಳ್ಳಲು ಬಂದಿದ್ದ ನಾನೇ ಕೇಳಿದ್ದೇನೆ. ಭಾಷೆ ಅವನಿಗೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಹೋಗಿ ಹೊಸ ಟಿಕೆಟ್ ತಂದ.

ಬಲಗೋಡೆಯ ಮೂರನೆಯ ಸಾಲಿನ ತುದಿಯ ಬುರುಡೆ ಎರ್ಸಿಲಿಯಾಳದು, ಅವಳಿಗಿಂತ ಮೊದಲು ಅವಳ ತಾಯಿಯದು. ಅದಕ್ಕೆ ಎತ್ತೊರೆ ಎಂದು ಹೆಸರು. ಎತ್ತೊರೆ ಎರ್ಸಿಲಿಯಾಳ ಅಣ್ಣ. ಹನ್ನೊಂದನೇ ವಯಸ್ಸಿಗೆ ಬೇಕರಿಯ ಒಲೆಯ ಮುಂದೆ ನಿಂತವನು, ಹತ್ತೊಂಬತ್ತಕ್ಕೆ ಹಡಗಿನ ಅಡುಗೆಮನೆಗೆ ಸೇರಿದ. ಬೆಳಗಿನ ಜಾವ ನಾಲ್ಕಕ್ಕೆ ಮನೆಯಿಂದ ಹೊರಟು ಬಂದರಿನ ಬಸ್ಸು ಹತ್ತಿದ. ಹಡಗೂ ಮರಳಿ ಬರಲಿಲ್ಲ, ಹೆಣವೂ ಬರಲಿಲ್ಲ. ಎರ್ಸಿಲಿಯಾಗೆ ಆಗ ಹದಿನೈದು.

"ಇದೇ ಊರಲ್ಲಿ ಹುಟ್ಟಿ ಗುಡ್ಡದ ಮೇಲಿನ ಕೋಟೆ ಸಹ ನೋಡಿರ್ಲಿಲ್ಲ. ಮೊದಲ್ನೇ ಸಂಬಳದಲ್ಲಿ ಇಬ್ರೂ ಹೋಗೋಣ ಕಣೇ ಅಂದಿದ್ದ. ಹೂಳೋಕೆ ಏನೂ ಸಿಗ್ದೆ ಇದ್ದಾಗ ಅಮ್ಮ ಇಲ್ಲಿಗೆ ಬಂದು ಈ ಬುರುಡೆ ಆರಿಸ್ಕೊಂಡ್ಳು. ಮುನ್ನೂರು ವರ್ಷ ಹಳೇದು ಅಂತ ನಂಗೂ ಗೊತ್ತು. ಅಮ್ಮನಿಗೂ ಗೊತ್ತಿತ್ತು."

ಅಂದಿನಿಂದ ಶುಕ್ರವಾರ ಸಂಜೆಗೊಂದು ಬಸ್ ಟಿಕೆಟ್ ಎತ್ತೊರೆಗೆ, ಈಗ ಒಂದೂವರೆ ಯೂರೋದ್ದು. ಶನಿವಾರ ಬೆಳಿಗ್ಗೆ ಅದು ಅಲ್ಲೇ ಇರುತ್ತದೆ. ಆದರೆ ಮುದ್ರೆ ಬಿದ್ದಿರುತ್ತದೆ. ಬಸ್ಸಿನ ಡಬ್ಬಿ ಒತ್ತುವ ಅದೇ ಮಸುಕು ಶಾಯಿ. ಸಮಯ ಯಾವಾಗಲೂ ನಾಲ್ಕು ಹತ್ತು. ಬುರುಡೆಯ ಹಣೆ ಒದ್ದೆಯಾಗಿರುತ್ತದೆ. ಪಕ್ಕದ ಗೂಡುಗಳು ಒಣ, ಗೋಡೆ ಒಣ. ಒದ್ದೆಯನ್ನು ಅವಳು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಿದ್ದಾಳೆ. ಉಪ್ಪು.

ಎದುರಿನ ಕಾಫಿ ಅಂಗಡಿಯ ಸಬಾತಿನೋ ಇದನ್ನು ಬಹಳ ಕಾಲ ನಂಬಲಿಲ್ಲ. "ದೊನ್ನಾ ಎರ್ಸಿ, ನಿಮ್ಮಣ್ಣನಿಗೆ ಕಿಟಕಿ ಪಕ್ಕ ಸೀಟು ಸಿಗ್ತಾ?" ಎಂದು ಶನಿವಾರ ಶನಿವಾರ ಕೂಗುತ್ತಿದ್ದ. ಹೋದ ವರ್ಷ ಅವಳು ಬೀಗದ ಕೈಯನ್ನು ಅವನ ಕಾಫಿ ಕಪ್ಪುಗಳ ನಡುವೆ ಕುಕ್ಕಿದಳು. "ತಗೋ. ನೀನೇ ಟಿಕೆಟ್ ಇಡು, ನೀನೇ ಬೀಗ ಹಾಕು, ಬೀಗದ ಕೈಯನ್ನ ತಲೆದಿಂಬಿನಡಿ ಇಟ್ಕೊಂಡು ಮಲ್ಕೋ." ಅವನು ಟಿಕೆಟ್ಟಿನ ಮೂಲೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹಾಗೆಯೇ ಮಾಡಿದ. ಬೆಳಿಗ್ಗೆ ಇಬ್ಬರೂ ಇಳಿದರು. ಗುರುತು ಇತ್ತು. ಮುದ್ರೆಯೂ ಇತ್ತು, ನಾಲ್ಕು ಹತ್ತು. ಮುದ್ರೆಯಲ್ಲಿದ್ದ ಬಸ್ಸಿನ ನಂಬರನ್ನು ಸಬಾತಿನೋ ಡಿಪೋದಲ್ಲಿರುವ ತನ್ನ ಭಾವನಿಗೆ ತೋರಿಸಿದ. ಆ ನಂಬರಿನ ಬಸ್ಸು ಈಗ ಯಾವ ದಾರಿಯಲ್ಲೂ ಓಡುವುದಿಲ್ಲವಂತೆ. ಈಗ ಆ ಮಾತು ತೆಗೆದರೆ ಸಬಾತಿನೋ ಬೆನ್ನು ತಿರುಗಿಸಿ ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆಯುತ್ತಾನೆ.

ಈ ಚಳಿಗಾಲದಲ್ಲಿ ಚರ್ಚಿನ ಮಾಡು ಸೋರತೊಡಗಿತು. ರಿಪೇರಿಗೆ ಹಣವಿಲ್ಲ. ಪಾದ್ರಿ ದೊನ್ ಎಲಿಜಿಯೋ ನೆಲಮಾಳಿಗೆಯನ್ನು ಒಂದು ಪ್ರವಾಸ ಸಂಸ್ಥೆಗೆ ಒಪ್ಪಿಸಿದರು. ಒಂಬತ್ತು ಯೂರೋ ಪ್ರವೇಶ, ಬಣ್ಣದ ಬೆಳಕು, ಗೂಡುಗಳ ಮುಂದೆ ನೆಲದಿಂದ ಚಾವಣಿಯವರೆಗೆ ಗಾಜು. ಗಾಜು ಬಂದರೆ ಸಾಕಿದವರ ಕೈ ಬುರುಡೆಗೆ ತಲುಪುವುದಿಲ್ಲ. ಟಿಕೆಟ್ಟೂ ತಲುಪುವುದಿಲ್ಲ.

ಎರ್ಸಿಲಿಯಾ ಅಳಲಿಲ್ಲ, ಚೌಕಾಸಿಗೆ ಕೂತಳು. ಗಾಜು ಬೇಡ ಎಂದಳು, ಸಂಸ್ಥೆಯವನು ಆಗದು ಎಂದು ತಲೆಯಾಡಿಸಿದ. ಸರಿ, ಬೆಳಿಗ್ಗೆ ಆರರಿಂದ ಎಂಟರವರೆಗೆ ಬಾಗಿಲು ಬಿಟ್ಟಿ ಇರಲಿ ಎಂದಳು.

"ಅಷ್ಟೊತ್ತಿಗೆ ಯಾರಮ್ಮ ಬರ್ತಾರೆ?"

"ಕಾಸಿಲ್ದೋರು ಬೇಗ ಏಳ್ತಾರೆ, ಸ್ವಾಮಿ. ನಿಮ್ಗೆ ಗೊತ್ತಿರಲ್ಲ."

ದೊನ್ ಎಲಿಜಿಯೋ ಕೆಮ್ಮಿದರು. ಸಂಸ್ಥೆಯವನು ಅದನ್ನು ಕಾಗದದಲ್ಲಿ ಬರೆದುಕೊಟ್ಟ. ಎರ್ಸಿಲಿಯಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿಸಿಕೊಂಡಳು.

ಗಾಜು ಕೂರಿಸುವ ಹಿಂದಿನ ಸಂಜೆ ತಂಬಾಕಿನ ಅಂಗಡಿಗೆ ಹೋಗಿ, ನಲವತ್ತೇಳು ವರ್ಷದಲ್ಲಿ ಮೊದಲ ಸಲ, ದಿನವಿಡೀ ನಡೆಯುವ ಐದು ನಲವತ್ತರ ಟಿಕೆಟ್ ಕೊಂಡಳು. "ತೊಂಬತ್ತು ನಿಮಿಷದ್ದು ಕೊಟ್ರೆ ಬಂದರಿನ ತನ್ಕ ಹೋಗಿ ವಾಪಸ್ ಓಡಿ ಬರ್ತಾನೆ. ಗುಡ್ಡ ಹತ್ತೋಕೆ ಎಲ್ಲಿ ಪುರುಸೊತ್ತು?" ಅದನ್ನು ಎತ್ತೊರೆಯ ಗಲ್ಲದಡಿ ಸಿಕ್ಕಿಸಿ, ಬೀಗ ಹಾಕಿ ಬಂದಳು.

ಮರುದಿನ ಐದೂವರೆಗೆ ಅವಳ ಹಿಂದೆಯೇ ನಾನೂ ಇಳಿಯುತ್ತೇನೆ. ಇವತ್ತು ಅವಳು ಯಾರನ್ನೂ ಎದ್ರಾ ಎಂದು ಕೇಳುವುದಿಲ್ಲ. ನೇರ ಬಲಗೋಡೆಗೆ ಹೋಗುತ್ತಾಳೆ. ಟಿಕೆಟ್ ಇಲ್ಲ. ಬುರುಡೆಯನ್ನು ಎತ್ತಿ ಕೆಳಗೆ ನೋಡುತ್ತಾಳೆ, ಪಕ್ಕದ ಗೂಡುಗಳಲ್ಲಿ ತಡಕುತ್ತಾಳೆ. ಇಬ್ಬರೂ ನೆಲದ ಮೇಲೆ ಮಂಡಿಯೂರಿ ದೀಪ ಹಿಡಿದು ಹುಡುಕುತ್ತೇವೆ. ಎಲ್ಲೂ ಇಲ್ಲ. ಅವಳು ಹಣೆ ಮುಟ್ಟಿ ನೋಡುತ್ತಾಳೆ, ಬೆರಳು ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ. ಒಣ. ಬರೀ ಧೂಳು.

ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೇಲೆ ಕೆಲಸದವರು ಗಾಜು ಇಳಿಸುವ ಸದ್ದು ಕೇಳುತ್ತದೆ. "ಬುರುಡೆ ಹಗುರ ಆಗಿದೆ," ಎನ್ನುತ್ತಾಳೆ. "ಎತ್ತಿದಾಗ ಗೊತ್ತಾಯ್ತು. ಇಷ್ಟು ದಿನ ಇದು ಇಷ್ಟು ಹಗುರ ಇರ್ಲಿಲ್ಲ."

ಇದಾಗಿ ಮೂರು ವಾರ. ಬೆಳಿಗ್ಗೆ ಆರಕ್ಕೆ ಬೆನ್ನಚೀಲ ಹೊತ್ತ ಹತ್ತಾರು ಪ್ರವಾಸಿಗಳು ಬರುತ್ತಾರೆ, ಕೇರಿಯ ಮುದುಕಿಯರೂ ಬಂದು ಗಾಜಿಗೆ ಅಂಗೈ ಇಟ್ಟು ನಿಲ್ಲುತ್ತಾರೆ. ಎರ್ಸಿಲಿಯಾ ಗಾಜು ಒರೆಸುತ್ತಾ ಕಾಫಿ, ಪಿಜ್ಜಾ, ಮೆಟ್ಟಿಲುಗಳ ಲೆಕ್ಕ ಒಪ್ಪಿಸುತ್ತಾಳೆ. ಎಂಟಕ್ಕೆ ಸಂಸ್ಥೆಯ ಹುಡುಗಿ ಬಂದು ಒಂಬತ್ತು ಯೂರೋದ ಫಲಕ ತಿರುಗಿಸುತ್ತಾಳೆ. ಬಲಗೋಡೆಯ ತುದಿಯ ಬುರುಡೆಯ ಮೇಲೆ ಉಳಿದವುಗಳಂತೆಯೇ ಧೂಳು ಕೂತಿದೆ.

"ಆ ಟಿಕೆಟ್ ಒಂದೇ ದಿನದ್ದಲ್ವಾ, ದೊನ್ನಾ ಎರ್ಸಿ? ತಪಾಸಣೆಯೋರು ಹಿಡಿದ್ರೆ ದಂಡ ಬೀಳತ್ತೆ," ಎಂದು ಸಬಾತಿನೋ ಮೆಲ್ಲಗೆ ಹೇಳುತ್ತಾನೆ. ತಮಾಷೆಯ ದನಿ ಅಲ್ಲ. ಅವಳಿಗೆ ಕಾಫಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದಿಲ್ಲ.

"ಅವ್ನು ವಾಪಸ್ ಬರ್ದೇ ಇದ್ರೂ ಬೇಜಾರಿಲ್ಲ," ಎನ್ನುತ್ತಾಳೆ ಎರ್ಸಿಲಿಯಾ. "ಕೋಟೆ ಹತ್ತಿದ್ನಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕಿತ್ತು."

ಅವಳಿಗೆ ಉಳಿದದ್ದು ಬೆಳಗಿನ ಎರಡು ಗಂಟೆಯ ಬಿಟ್ಟಿ ಬಾಗಿಲು. ಹೋದದ್ದು ಐದು ಯೂರೋ ನಲವತ್ತು ಸೆಂಟಿನ ಟಿಕೆಟ್, ಮತ್ತು ಅಣ್ಣ.