ರಾಜೇಶ್ವರಿ ಹಾಲು ಬಿಡಿಸಿದ್ದು

ಹಾಸ್ಟೆಲಿಗೆ ಹೋಗುವ ತಯಾರಿ ರಾಜೇಶ್ವರಿಗೆ ಮಗಳ ಹಾಲು ಬಿಡಿಸುವುದರಿಂದ ಶುರುವಾಯಿತು. ಬಕೆಟ್ಟು, ಬೀಗ, ಸೊಳ್ಳೆಪರದೆ, ಉಣ್ಣುವ ತಾಟು ಇವೆಲ್ಲ ರೋಣದ ಪೇಟೆಯಲ್ಲಿ ಒಂದು ಸಂಜೆಯ ಕೆಲಸ. ಆದರೆ ಶ್ವೇತಾಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ರೊಟ್ಟಿ ತಿನ್ನುತ್ತಿದ್ದಳು, ಅನ್ನ ತಿನ್ನುತ್ತಿದ್ದಳು, ಗೋಡೆಯ ಸುಣ್ಣವನ್ನೂ ಬಿಡುತ್ತಿರಲಿಲ್ಲ. ಎಲ್ಲ ತಿಂದಾದ ಮೇಲೆ ಬಂದು ತಾಯಿಯ ಸೆರಗು ಎಳೆಯುತ್ತಿದ್ದಳು.

ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ದಸರೆಯ ಬನ್ನಿ ಹಬ್ಬ ಮುಗಿದ ವಾರ ತರಗತಿಗಳ ಆರಂಭ. ಹುಡುಗಿಯರ ಹಾಸ್ಟೆಲಿನಲ್ಲಿ ಕೂಸಿಗೆ ಜಾಗವಿಲ್ಲ. ಅದು ಯಾರಾದರೂ ಒಪ್ಪಬೇಕಾದ ಮಾತೇ. ಹಬ್ಬದ ಗಣಪತಿಯನ್ನು ನೀರಿಗೆ ಕಳಿಸಿದ ಮರುದಿನ ರಾಜೇಶ್ವರಿ ಕೂತು ಯೋಚಿಸಿದಳು. ಉಳಿದಿರುವುದು ಹೆಚ್ಚೆಂದರೆ ಒಂದು ತಿಂಗಳು. ಅಷ್ಟರೊಳಗೆ ಮಗಳು ತನ್ನನ್ನು ಬಿಟ್ಟು ಮಲಗುವುದನ್ನು ಕಲಿಯಬೇಕು. ಮಗು ಅಳುತ್ತ ಉಳಿದರೆ ತಾನು ಮೈಸೂರಿನಲ್ಲಿ ಇರಲಾರೆ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಈ ಸಲ ಹೋಗದಿದ್ದರೆ ಮನೆಯಲ್ಲಿ ಎರಡನೆಯ ಸಲ ಯಾರೂ ಕಳಿಸುವ ಮಾತೆತ್ತುವುದಿಲ್ಲ ಎಂಬುದೂ ಗೊತ್ತಿತ್ತು.

ಅವಳ ತವರು ಬೆಳವಣಕಿ. ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬಂದು ಬಿ.ಎಸ್ಸಿ. ಓದಿದಳು. ಪ್ರಯೋಗಶಾಲೆಯಲ್ಲಿ ಅವಳ ಕೈ ಭಾರೀ ಸಂಯಮದ್ದು. ದ್ರಾವಣ ಬಣ್ಣ ಬದಲಿಸುವ ಆ ಒಂದು ಹನಿಯನ್ನು ಅವಳು ದಾಟಿ ಹೋಗುತ್ತಿರಲಿಲ್ಲ. ಕೊನೆಯ ವರ್ಷದಲ್ಲಿ ರೋಣದ ಸಂಗನಬಸವನಿಗೆ ಅವಳನ್ನು ಕೊಟ್ಟರು. ಅವನದು ಬೀಜ-ಗೊಬ್ಬರದ ಅಂಗಡಿ, ಮನೆಯಲ್ಲಿ ತಾಯಿ ಕಳಕವ್ವ ಒಬ್ಬಳೇ. ಲಗ್ನದ ಮಾತುಕತೆಯಲ್ಲಿ "ಮುಂದ ಓದಸ್ತೀವಿ" ಎಂದು ಮಾತು ಕೊಟ್ಟವಳು ಕಳಕವ್ವ. ಸೀಟು ಸಿಕ್ಕ ದಿನ ಅದನ್ನು ಉಳಿಸಿಕೊಂಡವಳೂ ಅವಳೇ.

"ಮೈಸೂರಾ?" ಎಂದು ಸಂಗನಬಸವ ಹುಬ್ಬೇರಿಸಿದ್ದ. "ಅದೇನ್ ನರೇಗಲ್ ಆತೇನು, ಸಂಜಿ ಬಸ್ಸಿಗೆ ಮನಿಗೆ ಬರಾಕ?"

"ಧಾರವಾಡದಾಗ ಸಿಗಲಿಲ್ಲ, ಮೈಸೂರಾಗ ಸಿಕ್ಕೇತಿ" ಎಂದಳು ಕಳಕವ್ವ. "ಕೂಸಿನ್ನ ನಾ ನೋಡ್ಕೊಂತೀನಿ. ನೀ ಸುಮ್ನ ಕಳಸು. ಬೀಗರ ಮುಂದ ಆಡಿದ ಮಾತು ಈಗ ನಾ ಹ್ಯಾಂಗ ನುಂಗ್ಲಿ?"

ಇಂಥ ಅತ್ತೆ ಓಣಿಯಲ್ಲೇ ಇಲ್ಲ ಎಂದು ಎಲ್ಲರೂ ಹೇಳಿದರು. ಅದು ನಿಜವೂ ಆಗಿತ್ತು.

ರಾಜೇಶ್ವರಿ ಕೆಲಸವನ್ನು ಕ್ರಮವಾಗಿ ಹಿಡಿದಳು. ಕೂಸು ಎಷ್ಟು ಕುಡಿಯುತ್ತದೋ ಅಷ್ಟೇ ಹಾಲು ಉತ್ಪತ್ತಿಯಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಎದೆ ಕಲ್ಲಾಗಿ ಜ್ವರ ಬರುತ್ತದೆ. ಆದ್ದರಿಂದ ಒಂದೊಂದೇ ಹೊತ್ತಿನದನ್ನು ಬಿಡಿಸಬೇಕು, ಮೈ ಅದಕ್ಕೆ ಹೊಂದಿಕೊಂಡ ಮೇಲೆ ಮುಂದಿನದು. ಮಧ್ಯಾಹ್ನದ ಹಾಲಿನ ಬದಲು ಬಾಳೆಹಣ್ಣು ಬಂತು. ಸಂಜೆಯ ಹಾಲಿನ ಹೊತ್ತಿಗೆ ಸರಿಯಾಗಿ ಶ್ವೇತಾಳನ್ನು ಪಕ್ಕದ ಮನೆಯ ಕಾಶೀಂಬಿಯ ಕೋಳಿಗಳನ್ನು ನೋಡಲು ಕರೆದೊಯ್ಯುವುದಾಯಿತು. ಈ ಎರಡೂ ಅಂದುಕೊಂಡಂತೆ ನಡೆದವು. ಮಲಗುವಾಗಿನ ಹಾಲು ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ.

ಕಾಶೀಂಬಿ ಮಧ್ಯಾಹ್ನ ಕಳಕವ್ವನ ಜೊತೆ ಕಾಳು ಹಸನು ಮಾಡುತ್ತ ಕೂಡುವವಳು. ಅವಳು ಮೊರದಿಂದ ತಲೆ ಎತ್ತದೆ ಹೇಳಿದಳು: "ಬೇವಿನ ತಪ್ಪಲಾ ಅರದು ಹಚ್ಚವಾ ರಾಜವ್ವಾ. ನಮ್ಮ ಯಮನೂರಸಾಬ ಸಣ್ಣಾಂವ ಇದ್ದಾಗ ನಾನೂ ಹಚ್ಚಿದ್ದೆ."

"ಬಿಟ್ನೇನ್ರಿ?"

"ಎಲ್ಲಿ ಬಿಡ್ತಾನ! ಬೇವಿನ ಸಂಗಾಟನ ಕುಡದಾ. ಈಗ ನೋಡು, ಅವಂಗ ಹಾಗಲಕಾಯಿ ಪಲ್ಲೆ ಅಂದ್ರ ಜೀವ."

ಕಳಕವ್ವ ನಕ್ಕಳು. ರಾಜೇಶ್ವರಿಯೂ ನಕ್ಕಳು. ಮರುದಿನ ಹಿತ್ತಲಿನ ಬೇವಿನ ಎಲೆ ಅರೆದು ಹಚ್ಚಿಕೊಂಡು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು.

ಶ್ವೇತಾ ಬಾಯಿ ಹಾಕಿ ತಕ್ಷಣ ತೆಗೆದಳು. ಮುಖ ಕಿವುಚಿ, ನಾಲಗೆ ಚಾಚಿ, ಜೊಲ್ಲು ಸುರಿಸಿದಳು. ಇನ್ನು ಅಳುತ್ತಾಳೆ ಎಂದು ರಾಜೇಶ್ವರಿ ಕಾದಳು. ಮಗು ಅಳಲಿಲ್ಲ. ಹಸಿರು ಮೆತ್ತಿದ ಜಾಗವನ್ನು ನೋಡಿತು, ತಾಯಿಯ ಮುಖ ನೋಡಿತು, ಮತ್ತೆ ಆ ಜಾಗವನ್ನು ನೋಡಿತು. "ಅವ್ವ, ಬ್ಯಾನಿ?" ಎಂದು ಕೇಳಿತು. ಬಿದ್ದು ಮೊಣಕಾಲು ತರಚಿದಾಗ ತನಗೆ ಮಾಡುವಂತೆಯೇ, ತುಟಿ ಮುಂದೆ ಮಾಡಿ, ಅಲ್ಲಿ ಉಫ್ ಉಫ್ ಎಂದು ಊದಿತು. ಆಮೇಲೆ ಸೆರಗನ್ನು ತಾನೇ ಎಳೆದು ಮುಚ್ಚಿ, ಪಕ್ಕದಲ್ಲಿ ಮಲಗಿತು.

ಅಂದಿನಿಂದ ಶ್ವೇತಾ ಹಾಲು ಕೇಳಲಿಲ್ಲ. ಬೇವು ತನ್ನ ಕೆಲಸ ಮಾಡಿದೆ ಎಂದು ಮನೆಯವರೆಲ್ಲ ತಿಳಿದರು. ರಾಜೇಶ್ವರಿ ಅವರ ತಿಳುವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಮಗು ಬಿಟ್ಟರೂ ಹಾಲು ಬಿಡಲಿಲ್ಲ. ಕಾಶೀಂಬಿ ಮಲ್ಲಿಗೆಯ ಹೂಗಳನ್ನು ತಂದು, ಎದೆಗೆ ಬಿಗಿಯಾಗಿ ಕಟ್ಟಿಕೋ, ಬತ್ತುತ್ತದೆ ಎಂದಳು. ಹಳೆಯ ಹೆಂಗಸರ ಈ ಮದ್ದನ್ನು ವೈದ್ಯರೂ ಪರೀಕ್ಷಿಸಿ ನೋಡಿದ್ದಾರೆಂದು ರಾಜೇಶ್ವರಿ ಎಲ್ಲೋ ಓದಿದ್ದಳು, ಕಟ್ಟಿಕೊಂಡಳು. ಅದು ಕಡಲೆ ಬಿತ್ತನೆಯ ಕಾಲ, ಅಂಗಡಿಯಲ್ಲಿ ಬಿಡುವಿಲ್ಲದ ಗಿರಾಕಿ. ಸಂಗನಬಸವ ಬೆವರಿ ಮನೆಗೆ ಬಂದವನು ಪಡಸಾಲೆಯಲ್ಲೇ ನಿಂತು, "ಏನಿದು, ಮಲ್ಲಿಗಿ ವಾಸನಿ ಘಮ್ ಅನ್ನಾಕತ್ತೇತಿ! ಏನ್ ವಿಶೇಷ?" ಎಂದು ಕಣ್ಣು ಮಿಟುಕಿಸಿದ. ಅವಳು ಅವನಿಗೆ ಕೈಕಾಲಿಗೆ ನೀರು ಕೊಟ್ಟಳು.

ಮುಂದಿನ ಹಂತ ಮಲಗುವುದು. ರಾಜೇಶ್ವರಿಯ ಹಾಸಿಗೆ ಮಾಳಿಗೆಯ ಮೇಲಿನ ಕೋಣೆಗೆ ಹೋಯಿತು, ಶ್ವೇತಾ ಕಳಕವ್ವನ ಪಕ್ಕಕ್ಕೆ ಬಂದಳು. ಮೊದಲ ಕೆಲವು ದಿನ ಮಗು "ಅವ್ವಾ" ಎಂದು ಕೂಗುವುದು ಮೇಲಕ್ಕೆ ಕೇಳುತ್ತಿತ್ತು. ಇಳಿದು ಹೋಗಬಾರದು ಎಂಬ ನಿಯಮವನ್ನು ಅವಳೇ ಮಾಡಿಕೊಂಡಿದ್ದಳು. ಒಮ್ಮೆ ಹೋದರೆ ಮಾಡಿದ್ದೆಲ್ಲ ಮೊದಲಿನಿಂದ ಮಾಡಬೇಕು. ಕೂಗು ದಿನೇ ದಿನೇ ಸಣ್ಣದಾಯಿತು. ಕೊನೆಗೆ ಮಗು ಒಂದೇ ಸಲ ಕೂಗಿ ಸುಮ್ಮನಾಗತೊಡಗಿತು.

ಸುಮ್ಮನಾದದ್ದು ಯಾಕೆ ಎಂದು ಅವಳಿಗೆ ತಿಳಿದದ್ದು ನವರಾತ್ರಿಯ ಒಂದು ಬೆಳಿಗ್ಗೆ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಕಳಕವ್ವ ಮೊಮ್ಮಗಳಿಗೆ ಹಾಲು-ರೊಟ್ಟಿ ಕಲಸಿ ತಿನ್ನಿಸುತ್ತಿದ್ದಳು.

"ಯಾರ ಕೈಯಾಗ ಉಣ್ತಿ? ಹೇಳು. ಅವ್ವನ ಕೈಯಾಗ. ಆಂ ಮಾಡು. ಅವ್ವ ಅನ್ನು."

"ಅವ್ವ" ಎಂದಿತು ಮಗು.

"ಮತ್ತ ಒಳಗ ಇರಾಕಿ ಯಾರು?"

"ಆಜಿ" ಎಂದಿತು. ರಾಜಿ ಎಂದು ಅದಕ್ಕೆ ಹೇಳಲು ಇನ್ನೂ ಬರುತ್ತಿರಲಿಲ್ಲ. ಕಳಕವ್ವ ಸೊಸೆಯನ್ನು ಕರೆಯುತ್ತಿದ್ದುದು ಹಾಗೆ.

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ರಾಜೇಶ್ವರಿ ಅದನ್ನು ತೆಗೆದು ಬದಿಗಿಟ್ಟು, ಇನ್ನೊಂದನ್ನು ಬಡಿದಳು.

ಮಧ್ಯಾಹ್ನ ಗಂಡ ಉಣ್ಣಲು ಬಂದಾಗ ಹೇಳಿದಳು. ಅವನಿಗೆ ಅದರಲ್ಲಿ ಏನೂ ಕಾಣಲಿಲ್ಲ. "ಅದಕ್ಕೇನಾತು? ನಾ ನಮ್ಮವ್ವಗ ವೈನಿ ಅಂತೀನಿ. ನನಗೇನ್ ಕಡಿಮಿ ಆಗೇತಿ? ನಮ್ಮ ಮನ್ಯಾಗ ಹಿಂಗ ನಡಕೊಂತ ಬಂದೈತಿ."

ಅದು ನಿಜ. ಈ ಕಡೆಯ ಹಲವು ಕೂಡುಮನೆಗಳಲ್ಲಿ ಹಾಗೆಯೇ. ಮೈದುನರು, ನಾದಿನಿಯರು ಅತ್ತಿಗೆಯನ್ನು "ವೈನಿ" ಎಂದು ಕರೆಯುವುದನ್ನು ಕೇಳಿ ಮಕ್ಕಳೂ ಹೆತ್ತ ತಾಯಿಯನ್ನು ವೈನಿ ಎನ್ನುತ್ತವೆ. "ಅವ್ವ" ಎಂಬ ಕರೆ ಮನೆಯ ಹಿರಿಯ ಹೆಂಗಸಿಗೆ ಹೋಗುತ್ತದೆ. ಸಂಗನಬಸವ ಹುಟ್ಟಿದಾಗ ಈ ಮನೆಯಲ್ಲಿ ಕಳಕವ್ವನ ಐವರು ಮೈದುನರಿದ್ದರು. ಈಗ ಎಲ್ಲರೂ ಬೇರೆ ಬೇರೆ ಮನೆ ಮಾಡಿದ್ದಾರೆ, ಕಳಕವ್ವನ ಅತ್ತೆ ತೀರಿಕೊಂಡಿದ್ದಾಳೆ, ಆದರೆ ಮಗನ ಬಾಯಲ್ಲಿ ಅವಳು ವೈನಿಯಾಗಿಯೇ ಉಳಿದಿದ್ದಾಳೆ. ಹೀಗಾಗಬಾರದೆಂದೇ ರಾಜೇಶ್ವರಿ ಮಗಳಿಗೆ ಮೊದಲು ಕಲಿಸಿದ ಮಾತು "ಅವ್ವ".

ಸಂಜೆ ದೀಪ ಹಚ್ಚುವಾಗ ಅವಳು ಅತ್ತೆಯನ್ನೇ ಕೇಳಿದಳು. ದನಿ ಏರಿಸಲಿಲ್ಲ. ಈ ಕಡೆ ಅಜ್ಜಿಗೆ ಅಮ್ಮ ಎನ್ನುವುದೂ ರೂಢಿ.

"ಅತ್ತಿ, ಕೂಸು ನಿಮಗ ಅಮ್ಮಾ ಅಂದ್ರ ಆಗಂಗಿಲ್ಲೇನ್ರಿ?"

ಕಳಕವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. ಸಿಟ್ಟಾಗಲಿಲ್ಲ. "ನಿನ್ನ ಮಾತು ತಪ್ಪಲ್ಲ ರಾಜಿ. ನಾನೂ ವಿಚಾರ ಮಾಡೀನಿ. ಅದು ಎಚ್ಚರಾಗಿ ಅವ್ವಾ ಅಂತ ಒದರತೈತಿ. ಆಗ ಯಾರರೆ ಒಬ್ಬರು ಓ ಅನ್ನಬೇಕಲ್ಲ? ನಿಮ್ಮವ್ವ ಊರಾಗಿಲ್ಲ ಮಕ್ಕೊ ಅಂದ್ರ ಅದಕ್ಕ ತಿಳೀತೈತೇನು? ಒಂದ ದಿನ ಓ ಅಂದೆ. ಸುಮ್ಮನಾತು."

ರಾಜೇಶ್ವರಿ ದೀಪಕ್ಕೆ ಎಣ್ಣೆ ಎರೆದಳು.

"ಇನ್ನೊಂದ ಖರೇ ಹೇಳ್ಲಿ?" ಎಂದಳು ಕಳಕವ್ವ, ಬತ್ತಿಯನ್ನೇ ನೋಡುತ್ತ. "ಹೊಟ್ಟ್ಯಾಗಿಂದ ಬಂದವ ನನಗ ಒಂದ ದಿನ ಅವ್ವ ಅಂದಿಲ್ಲ. ಈ ಕೂಸು ಅಂದಾಗ ನನಗ ಚಲೋ ಅನ್ನಸ್ತು. ಅದನ್ನ ಇಲ್ಲ ಅಂದ್ರ ಸುಳ್ಳಾಕ್ಕೈತಿ."

ಮುಂದೆ ಆ ವಿಷಯ ಇಬ್ಬರೂ ಎತ್ತಲಿಲ್ಲ. ಜಗಳ ಮಾಡಲು ಅಲ್ಲಿ ತಪ್ಪಿತಸ್ಥರು ಯಾರೂ ಇರಲಿಲ್ಲ. ಕೆಟ್ಟ ಅತ್ತೆಯಾಗಿದ್ದರೆ ಬೈಯಬಹುದಿತ್ತು ಎಂದು ರಾಜೇಶ್ವರಿಗೆ ಅನ್ನಿಸಿತು. ಕೂಸನ್ನು ಅಳಿಸುವವಳಾಗಿದ್ದರೆ ಹೋಗುವುದನ್ನೇ ಬಿಡಬಹುದಿತ್ತು.

ಸಾಮಾನು ತಂದ ಸಂಜೆ ಶ್ವೇತಾ ಹೊಸ ನೀಲಿ ಬಕೆಟ್ಟಿನೊಳಗೆ ಹತ್ತಿ ಕೂತು ಇಳಿಯಲೊಲ್ಲೆ ಎಂದಳು. "ಹಂಗ ಮ್ಯಾಲೆ ಮುಚ್ಚಳಾ ಹಾಕಿ ಒಯ್ದಬಿಡವಾ, ಹಾಸ್ಟೆಲ್‌ನವರು ಏನ್ ಬಕೀಟ್ ತಗದು ನೋಡ್ತಾರ?" ಎಂದಳು ಕಾಶೀಂಬಿ. ಸಂಗನಬಸವ ಜೋರಾಗಿ ನಕ್ಕ. ಕಳಕವ್ವ ನಗಲಿಲ್ಲ. ಕೈ ಚಾಚಿ, "ಬಾ ಬಂಗಾರಾ" ಎಂದಳು. ಮಗು ಅವಳ ಕೊರಳಿಗೆ ಕೈ ಹಾಕಿ ಇಳಿಯಿತು.

ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎಂದು ಎಲ್ಲರೂ ಎಲ್ಲರಿಗೂ ಹೇಳಿದ ಮರುದಿನ, ಗಂಟು ಕಟ್ಟುವಾಗ ಕಳಕವ್ವ ಪಕ್ಕದಲ್ಲಿ ಬಂದು ಕೂತಳು. ಖಡಕ್ ರೊಟ್ಟಿಗಳನ್ನು ಮುರಿಯದಂತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಶೇಂಗಾ ಚಟ್ನಿಯ ಡಬ್ಬಿ ಕೊಟ್ಟಳು. ಆಮೇಲೆ ಕೇಳಿದಳು:

"ಎಂದ ಬರ್ತಿ?"

"ದೀಪಾವಳಿಗೆ ರಜಾ ಕೊಡ್ತಾರ್ರಿ."

ಕಳಕವ್ವ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ನೋಡಿದಳು. "ನೀ ಓದಿದಾಕಿ. ನೀನ ವಿಚಾರ ಮಾಡು. ಈಗ ಮರತೈತಿ. ದೀಪಾವಳಿಗೆ ಬಂದು ಮೂರ ದಿನ ಇದ್ದು ಹೋದ್ರ, ಮತ್ತ ಮೊದಲಿಂದ ಅಳಬೇಕು ಅದು. ಫೋನಿನ್ಯಾಗ ಮಾರಿ ತೋರಿಸಿದ್ರೂ ಅಷ್ಟ. ಎಳ್ಳಮವಾಸಿನೂ ಬ್ಯಾಡ. ಸಂಕ್ರಾಂತಿ ಆದಮ್ಯಾಲೆ ಬಾ. ಆಗ ತಿಳುವಳಿಕಿ ಬಂದಿರತೈತಿ."

ಒಮ್ಮೆ ಇಳಿದು ಹೋದರೆ ಎಲ್ಲ ಮೊದಲಿನಿಂದ ಎಂಬುದು ರಾಜೇಶ್ವರಿಯ ಸ್ವಂತ ನಿಯಮವೇ. ಮಾಳಿಗೆಯ ಕೋಣೆಗೆ ಸರಿಯಾದದ್ದು ಮೈಸೂರಿಗೂ ಸರಿ. ಅವಳು ರೊಟ್ಟಿಯ ಗಂಟನ್ನು ಬ್ಯಾಗಿನಲ್ಲಿಟ್ಟು, "ಹೂಂನ್ರಿ" ಎಂದಳು.

ರೋಣದ ಬಸ್ ನಿಲ್ದಾಣದಲ್ಲಿ ಶ್ವೇತಾ ಅಳಲಿಲ್ಲ. ಮಗು ಅಜ್ಜಿಯ ಸೊಂಟದ ಮೇಲೆ ಕೂತು, ಕಡಲೆಮಿಠಾಯಿ ಚೀಪುತ್ತ, ಬಸ್ಸಿಗೆ ಕೈ ಬೀಸಿತು. ಬಸ್ಸು ಅದಕ್ಕೆ ಇಷ್ಟ.

ಗದಗದ ಬಸ್ಸಿನಲ್ಲಿ ರಾಜೇಶ್ವರಿಗೆ ಮುಂದೆ ಸೀಟು ಸಿಕ್ಕಿತು; ಸಂಗನಬಸವ ಸಾಮಾನಿನ ಜೊತೆ ಹಿಂದೆ ನಿಂತ. ದಾರಿಯ ಒಂದು ಊರಿನಲ್ಲಿ ಎಳೆಗೂಸಿನ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ಕಂಡಕ್ಟರ್ ಬಂದಾಗ, "ಸ್ವಲ್ಪ ಹಿಡೀರಿ ಯಕ್ಕಾ, ಆಧಾರ ಕಾರ್ಡ್ ತಗೀತೀನಿ" ಎಂದು ಕೂಸನ್ನು ರಾಜೇಶ್ವರಿಯ ತೊಡೆಗೆ ಹಾಕಿದಳು. ಕೂಸು ಮುಖ ತಿರುಗಿಸಿ ಅವಳ ಎದೆಗೆ ಒತ್ತಿ, ಸಿಗದೆ, ಅಳತೊಡಗಿತು.

ಹಾಲು ಇಳಿಯಲು ಹೆಂಗಸಿನ ಒಪ್ಪಿಗೆ ಬೇಕಿಲ್ಲ. ಯಾವುದೇ ಕೂಸಿನ ಅಳು ಸಾಕು. ಬತ್ತಿದೆ ಎಂದುಕೊಂಡದ್ದು ಬತ್ತಿರಲಿಲ್ಲ. ಚೂಡಿದಾರದ ಮುಂಭಾಗ ನೋಡುನೋಡುತ್ತ ಒದ್ದೆಯಾಯಿತು.

"ಅಯ್ಯ, ನಿಮ್ದೂ ಸಣ್ಣ ಕೂಸೇನ್ರಿ? ಎಲ್ಲೈತಿ?"

"ಮನ್ಯಾಗ."

"ಲಗೂನ ಹೊಳ್ಳಿ ಹೋಗ್ತೀರಿಲ್ಲೋ?"

"ಸಂಕ್ರಾಂತಿ ಆದಮ್ಯಾಲೆ."

ಹೆಂಗಸು ತನ್ನ ಕೂಸನ್ನು ಎತ್ತಿಕೊಂಡಳು. ಕಿಟಕಿಯ ಕಡೆ ತಿರುಗಿ ಹಾಲು ಕೊಟ್ಟಳು.

ರೈಲು ನಿಲ್ದಾಣದಲ್ಲಿ ಸಂಗನಬಸವ ಅವಳ ಬಟ್ಟೆ ನೋಡಿದ. "ಏನಾತು?"

"ನೀರ ಚೆಲ್ಲಿದ್ವು."

"ಬಾಟ್ಲಿ ಮುಚ್ಚಳಾ ಬಿಗಿ ಹಾಕಬೇಕಿಲ್ಲ?" ಎಂದು ಅವನು ಮೈಸೂರು ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೇಳಲು ಹೋದ.

ತರಗತಿಯ ಮೊದಲ ದಿನಕ್ಕೆಂದು ಹೊಲಿಸಿದ ಚೂಡಿದಾರ ಬ್ಯಾಗಿನಲ್ಲಿ ಮೇಲೆಯೇ ಇತ್ತು. ಅವಳು ಹೆಂಗಸರ ಕೋಣೆಯಲ್ಲಿ ಅದನ್ನು ಹಾಕಿಕೊಂಡು, ಒದ್ದೆಯಾದದ್ದನ್ನು ನಲ್ಲಿಯ ಕೆಳಗೆ ತೊಳೆದು ಹಿಂಡುತ್ತಿದ್ದಾಗ ಫೋನು ಬಂತು.

"ಮುಟ್ಟಿದ್ರೇನವಾ?" ಕಳಕವ್ವ. "ಕೂಸಿನ ಕಾಳಜಿ ಮಾಡಬ್ಯಾಡ. ಉಂಡು ಮಕ್ಕೊಂಡೈತಿ. ಒಂದ ಹನಿ ಕಣ್ಣೀರ ಹಾಕಿಲ್ಲ."

"ನನ್ನ ಕೇಳಿತೇನ್ರಿ?"

ಕಳಕವ್ವ ಸುಳ್ಳು ಹೇಳುವವಳಲ್ಲ. ದೂರ ಹೋಗುವವಳಿಗೆ ಧೈರ್ಯವಾಗಲಿ ಎಂದು ಇನ್ನಷ್ಟು ಗಟ್ಟಿಯಾಗಿಯೇ ಹೇಳಿದಳು: "ಇಲ್ಲವಾ. ಒಂದ ಸಲಾನೂ ಕೇಳಿಲ್ಲ. ನೀ ಆರಾಮ ಹೋಗು."

"ಚಲೋ ಆತ್ರಿ ಅತ್ತಿ" ಎಂದಳು ರಾಜೇಶ್ವರಿ.