ಉಪ್ಪಿನಕ್ಕನಿಗೆ ಲೇಬಲ್ಲಿನ ಮೇಲೆ ನಂಬಿಕೆಯಿಲ್ಲ

ಬೆಳಿಗ್ಗೆ ಆರೂವರೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕಿಟಕಿಗಳನ್ನು ಅಟೆಂಡರ್ ಒಂದೊಂದಾಗಿ ತೆರೆಯುತ್ತಾರೆ. ಕೊಳೆತ ಮೊಟ್ಟೆಯಂಥ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯುತ್ತದೆ. ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಆಕೆ ನಗುತ್ತಾರೆ.

"ಹೈಡ್ರೋಜನ್ ಸಲ್ಫೈಡು. ನಿಮಗೆ ಇವತ್ತೊಂದಿನ. ನನಗೆ ಬಸ್ಸಲ್ಲಿ ಪಕ್ಕದ ಸೀಟು ಇಪ್ಪತ್ತೆರಡು ವರ್ಷದಿಂದ ಖಾಲಿ."

ಸಿಂಕಿನಲ್ಲಿ ಇನ್ನೂರ ನಲವತ್ತು ಟೆಸ್ಟ್ ಟ್ಯೂಬುಗಳು ಕಾಯುತ್ತಿವೆ. ಅವನ್ನು ತೊಳೆದು, ಮೂವತ್ತಾರು ಸೀಸೆಗಳಿಗೆ ಆಸಿಡ್ಡು, ದ್ರಾವಣ ತುಂಬಿಸುವ ಹೊತ್ತಿಗೆ ಮೊದಲ ಬ್ಯಾಚು ಬಾಗಿಲಲ್ಲಿರುತ್ತದೆ. ಪರೀಕ್ಷೆಯ ದಿನಗಳಲ್ಲಿ ಇನ್ನೊಂದು ಕೆಲಸ: ಪ್ರತಿ ವಿದ್ಯಾರ್ಥಿಗೂ ಒಂದು ಚಿಟಿಕೆ ಹೆಸರಿಲ್ಲದ ಲವಣ ಪೊಟ್ಟಣ ಕಟ್ಟುವುದು. ಕಾಯಿಸಿ, ಆಸಿಡ್ ಹಾಕಿ, ಜ್ವಾಲೆಗೆ ಹಿಡಿದು ಅದರಲ್ಲೇನಿದೆ ಎಂದು ಅವರು ಹೇಳಬೇಕು. ಹಾಗಾಗಿ ಆಕೆ ಎಲ್ಲರಿಗೂ ಉಪ್ಪಿನಕ್ಕ.

ಕಸ ಗುಡಿಸಲು ಬಂದಾಗ ಆಕೆಯ ಓದು ಏಳನೇ ತರಗತಿ. "ಬಾಟ್ಲಿ ಮೇಲಿನ ಇಂಗ್ಲಿಷು ಕೋಳಿ ಕೆದಕಿದ ಹಾಗೆ ಕಾಣ್ತಿತ್ತು. ಒಂದರ ಜಾಗಕ್ಕೆ ಇನ್ನೊಂದು ಇಟ್ಟು ಬೈಸ್ಕೊಳ್ತಿದ್ದೆ," ಎನ್ನುತ್ತಾರೆ. ಆಮೇಲೆ ಪಾಠದ ಹೊತ್ತಿನಲ್ಲಿ ಪೊರಕೆ ಹಿಡಿದು ಬಾಗಿಲ ಬಳಿ ನಿಂತರು. ಓದಲು ಬಾರದ ಲವಣಗಳನ್ನು ಅವುಗಳ ಗುಣದಿಂದ ಗುರುತಿಟ್ಟುಕೊಂಡರು.

"ಆಸಿಡ್ ಬಿದ್ದ ಕೂಡ್ಲೇ ಬುಸ್ ಅಂತ ನೊರೆ ಬಂದು, ಆ ಗಾಳಿ ಸುಣ್ಣದ ತಿಳಿನೀರನ್ನ ಹಾಲು ಮಾಡಿದ್ರೆ ಅದು ಕಾರ್ಬೊನೇಟು. ಜ್ವಾಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ ಕ್ಯಾಲ್ಸಿಯಂ."

ಕಲಿಕೆಗೆ ಬೆಲೆಯನ್ನೂ ತೆತ್ತಿದ್ದಾರೆ. ಬಲ ಹೆಬ್ಬೆರಳ ಚರ್ಮ ಆಸಿಡ್ಡಿಗೆ ಸುಟ್ಟು ಸುಕ್ಕುಗಟ್ಟಿದೆ. ಬಟ್ಟೆಯಲ್ಲಿ ತೂತಿಲ್ಲದ ವಾರವಿಲ್ಲ. ಗಂಡ ದರ್ಜಿ. "ಇವಳ ತೂತು ಮುಚ್ಚೋಕೇ ಬೇರೆ ಮಿಷನ್ ತರಬೇಕು," ಎಂದು ರೇಗಿಸುತ್ತಾರಂತೆ.

ಮೂರು ವರ್ಷದ ಹಿಂದಿನ ಮಾತು. ಪರೀಕ್ಷೆಗೆ ಒಂದು ಗಂಟೆ ಇದೆ. ಅಮೋನಿಯಂ ಕ್ಲೋರೈಡ್ ಎಂದು ಬರೆದ ಹೊಸ ಬಾಟ್ಲಿಯಿಂದ ನಲವತ್ತೆರಡು ಪೊಟ್ಟಣ ಕಟ್ಟಬೇಕು. ಲೇಬಲ್ ಓದಲು ಆ ಹೊತ್ತಿಗೆ ಬರುತ್ತಿತ್ತು, ಆದರೂ ಅಭ್ಯಾಸ ಬಿಟ್ಟಿರಲಿಲ್ಲ. ಚಿಟಿಕೆ ಪುಡಿಯನ್ನು ಕಾಸ್ಟಿಕ್ ಸೋಡಾ ಜೊತೆ ಬಿಸಿ ಮಾಡಿದರು. ಅಮೋನಿಯ ಇದ್ದರೆ ಮೂಗು ಉರಿಯಬೇಕು. ಏನೂ ಇಲ್ಲ. ಇನ್ನೊಂದು ಚಿಟಿಕೆ ಜ್ವಾಲೆಗೆ ಹಿಡಿದರು. ಎಳೆ ಹಸಿರು ಬೆಂಕಿ. ಅದು ಬೇರಿಯಂ.

ವಿಭಾಗದ ಮುಖ್ಯಸ್ಥರಲ್ಲಿಗೆ ಓಡಿದರು. "ಕಂಪನಿ ಸೀಲ್ ಹಾಕಿ ಕಳಿಸಿದ ಬಾಟ್ಲಿ ಕಣಮ್ಮ. ಹೋಗಿ ಪೊಟ್ಟಣ ಕಟ್ಟು," ಎಂದರು ಅವರು.

"ಸಾರ್, ಮಕ್ಕಳು ಸರಿಯಾಗಿ ಬೇರಿಯಂ ಅಂತ ಬರೀತಾರೆ. ನೀವು ತಪ್ಪು ಅಂತ ಸೊನ್ನೆ ಹಾಕ್ತೀರ. ಎರಡೇ ನಿಮಿಷ ಬನ್ನಿ."

ಮುಖ್ಯಸ್ಥರು ಬಂದರು. ಪುಡಿಯನ್ನು ತಾವೇ ನೀರಲ್ಲಿ ಕರಗಿಸಿ ತೆಳು ಸಲ್ಫ್ಯೂರಿಕ್ ಆಸಿಡ್ ಬಿಟ್ಟರು. ದ್ರಾವಣ ಬೆಳ್ಳಗೆ ಗಟ್ಟಿಯಾಗಿ ಕದಡಿತು. ಬೇರಿಯಮ್ಮೇ. ಟ್ಯೂಬನ್ನು ಸ್ಟ್ಯಾಂಡಿಗಿಟ್ಟು, "ಬೇರೆ ಬಾಟ್ಲಿ ತೆಗೀರಿ. ಪರೀಕ್ಷೆ ಅರ್ಧ ಗಂಟೆ ತಡವಾಗಲಿ," ಎಂದರು. ಆವತ್ತಿನಿಂದ ಏಕವಚನ ಹೋಯಿತು. ಮರುವಾರ ಹತ್ತನೇ ತರಗತಿಗೆ ಖಾಸಗಿಯಾಗಿ ಕಟ್ಟುವ ಅರ್ಜಿಯನ್ನು ಅವರೇ ತಂದು ಕೊಟ್ಟರು.

ಗಣಿತ ಒಮ್ಮೆ ಕೈಕೊಟ್ಟಿತು. ಮಗಳ ಪಕ್ಕ ಕೂತು ಲೆಕ್ಕ ಮಾಡಿ ಎರಡನೇ ಸಲ ಪಾಸಾದರು. ನಲವತ್ತೆಂಟರ ಉಪ್ಪಿನಕ್ಕ ಈಗ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿಗೆ ಓದುತ್ತಿದ್ದಾರೆ, ವಿಜ್ಞಾನವೇ.

ಇಷ್ಟೆಲ್ಲ ಗೊತ್ತಿರುವವರಿಗೆ ಪರೀಕ್ಷೆಯೇಕೆ ಎಂದು ಕೇಳುತ್ತೇನೆ. ಒದ್ದೆ ಕೈ ಒರೆಸಿಕೊಳ್ಳುತ್ತ ತುಸು ನಾಚುತ್ತಾರೆ.

"ಪೊಟ್ಟಣ ಕಟ್ಟೋಳಿಗೆ ಒಳಗೇನಿದೆ ಅಂತ ಮೊದಲೇ ಗೊತ್ತಿರುತ್ತೆ, ಮಜಾನೇ ಇರಲ್ಲ. ಒಂದೇ ಒಂದ್ಸಲ, ಬೇರೆ ಯಾರಾದ್ರೂ ಕಟ್ಟಿ ನನ್ನ ಕೈಗಿಡಬೇಕು. ಏನದು ಅಂತ ನಾನು ಕಂಡುಹಿಡೀಬೇಕು."