ನನ್ನ ಕೆಮ್ಮು ಕದ್ದ ಡಾಕ್ಟರು

ದೆವ್ವ, ಭೂತ, ಅಶರೀರವಾಣಿ ಎಂದವರನ್ನೆಲ್ಲ ಅವರದೇ ದನಿಯಲ್ಲಿ ಅಣಕಿಸಿ ನಗಿಸುತ್ತಿದ್ದವನು ನಾನು. ಕುಣಿಗಲ್ಲಿನ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವವನಿಗೆ ದೆವ್ವವೂ ಒಂದು ಐಟಂ ಅಷ್ಟೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ತುಮಕೂರಿನಲ್ಲಿ ಆಪರೇಷನ್ ಆಯಿತು. ಮೂಳೆ ಕೂತಿತು. ಆದರೆ ಆಪರೇಷನ್ನಿನ ಒತ್ತಡಕ್ಕೆ ಹೃದಯಕ್ಕೆ ಪೆಟ್ಟಾಗಿದೆ, ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು ಎಂದರು ಡಾಕ್ಟರು. ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಬ್ಬಿಳಿಸಲು ಒಂದು ಮಾತ್ರೆ ಬರೆದು, ಬಿಡದೆ ನುಂಗಿದರೆ ಬಹಳ ಕಾಲ ಬದುಕಬಹುದು, ಬಿಟ್ಟರೆ ಕಷ್ಟ ಎಂದರು.

ಮಾವ ಒಪ್ಪಬೇಕಲ್ಲ! “ಮುರಿದಿದ್ದು ಸೊಂಟ, ಮಾತ್ರೆ ಎದೆಗಾ? ಎದೆನೋವೇ ಬರ್ಲಿಲ್ಲ ನಂಗೆ. ಚಪ್ಪಲಿ ಕಿತ್ತೋದ್ರೆ ಟೋಪಿ ಹೊಲಿಸ್ತಾರೇನ್ಲಾ?”

ಮಾತ್ರೆಗಳು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಕೂತವು. ಬೆಳಗಿನ ಪೂಜೆಯಲ್ಲಿ ಅವಕ್ಕೂ ಒಂದು ಹೂ ಬೀಳುತ್ತಿತ್ತು. ಮಾವನ ಬಾಯಿಗೆ ಮಾತ್ರ ಹೋಗುತ್ತಿರಲಿಲ್ಲ. ಅತ್ತೆ ನನ್ನ ಮುಂದೆ ಅತ್ತರು.

ಅವತ್ತಿನಿಂದ ನಾನು ಯಾರಿಗೂ ಹೇಳದೆ ದಿನಾ ಸಂಜೆ ಕುಣಿಗಲ್ಲಿನಿಂದ ಫೋನ್ ಮಾಡಿ, ಡಾಕ್ಟರ ದನಿಯಲ್ಲಿ, “ಹ್ಞುಂ... ಹ್ಞುಂ... ಮಾತ್ರೆ ತಗೊಂಡ್ರಾ ಯಜಮಾನ್ರೇ?” ಎನ್ನತೊಡಗಿದೆ. ಆ ಸಣ್ಣ ಕೆಮ್ಮು ಡಾಕ್ಟರದ್ದಲ್ಲ, ನಾನೇ ಸೇರಿಸಿದ ಮಸಾಲೆ. ಅತ್ತೆ ರಿಸೀವರ್ ಕೊಟ್ಟೊಡನೆ ಮಾವ ವಾಕರ್ ಹಿಡಿದು ಎದ್ದು ನಿಂತು, “ತಗೊತೀನಿ ಸಾರ್” ಎಂದು ಅತ್ತೆಯ ಎದುರಿಗೇ ನುಂಗುತ್ತಿದ್ದರಂತೆ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಒಂದು ದಿನ ನನ್ನ ಗಂಟಲು ಕಟ್ಟಿತು. ಹಿಂದಿನ ದಿನದ ಕಾರ್ಯಕ್ರಮದಲ್ಲಿ ಹುಂಜ, ಲಾರಿ, ಮಂತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ಕೂಗಿದ್ದರ ಫಲ. ಪಿಸುಮಾತೂ ಹೊರಡುತ್ತಿರಲಿಲ್ಲ. ಅವತ್ತು ಸಂಜೆ ನಾನು ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ಫೋನು, ತುಮಕೂರಿನ ಆಸ್ಪತ್ರೆಯಿಂದ. “ನಿನ್ನೆ ಸಂಜೆ ಡಾಕ್ಟ್ರು ಫೋನ್ ಮಾಡಿ, ಯಜಮಾನ್ರನ್ನ ಈಗ್ಲೇ ಕರ್ಕೊಂಬನ್ನಿ ಅಂದ್ರು ಕಣೋ. ಇವರು ಬರಲ್ಲ ಅಂದ್ರೂ ಬಿಡ್ಲಿಲ್ಲ ನಾನು, ಆಟೋಗೆ ಹತ್ತಿಸ್ದೆ.”

ಓಡಿದೆ. ಡಾಕ್ಟರು ಮಾವನ ಮಂಚದ ಪಕ್ಕದಲ್ಲೇ ಇದ್ದರು. “ಹಾರ್ಟ್ ಅಟ್ಯಾಕ್ ಶುರುವಾಗಿತ್ತು. ಮಾತ್ರೆ ತಗೊಂಡಿದ್ರು, ಬೇಗ ಬಂದ್ರು, ಉಳ್ಕೊಂಡ್ರು. ಆದ್ರೆ ನಾನ್ ಯಾವಾಗ ಫೋನ್ ಮಾಡ್ದೆ? ಇವರ ನಂಬರೇ ನನ್ನ ಹತ್ರ ಇಲ್ಲ.”

ಅವರು ಹೋದ ಮೇಲೆ ಮಾವ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡರು. “ದಿನಾ ಮಾಡ್ತಿದ್ದವ್ನು ನೀನೇ ಅಂತ ಮೊದಲನೇ ದಿನವೇ ಗೊತ್ತಾಯ್ತು ಕಣ್ಲಾ. ನಿಮ್ಮತ್ತೆ ಎದುರಿಗೇ ನಿಂತಿರೋಳು, ನುಂಗ್ದೆ. ನಿನ್ನೆ ಫೋನೂ ನಿಂದೇ ಅಂತ ದಾರಿ ಉದ್ದಕ್ಕೂ ನಿನ್ನ ಬೈಕೊಂಡೇ ಬಂದೆ. ಆದ್ರೆ ನಿಮ್ಮತ್ತೆ ಕೈಯಿಂದ ರಿಸೀವರ್ ಇಸ್ಕೊಂಡು ಕೇಳಿದ್ನಲ್ಲ, ಆ ಕೆಮ್ಮು! ನಿನ್ನೆಯಷ್ಟು ಚೆನ್ನಾಗಿ ಯಾವತ್ತೂ ಮಾಡಿರ್ಲಿಲ್ಲ ಬುಡು.”

ನಾನಲ್ಲ ಎನ್ನಲು ಬಾಯಿ ತೆರೆದೆ. ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಅದನ್ನೂ ಮಿಮಿಕ್ರಿ ಎಂದುಕೊಂಡು ಮಾವ ನಕ್ಕರು.

ಮಾವ ಆಮೇಲೆ ಮಾತ್ರೆ ತಪ್ಪಿಸಲಿಲ್ಲ. ಆ ಫೋನು ಯಾರದೆಂದು ನನಗೆ ಇಂದಿಗೂ ತಿಳಿದಿಲ್ಲ. ಆ ಕೆಮ್ಮನ್ನು ನಾನು ಯಾವ ಸ್ಟೇಜಿನಲ್ಲೂ ಮಾಡಿದವನಲ್ಲ. ಯಾರೇ ಆಗಿರಲಿ, ಮಾವನನ್ನು ಉಳಿಸಿದರು, ಕೈ ಮುಗಿಯುತ್ತೇನೆ. ನನಗಿಂತ ಚೆನ್ನಾಗಿ ಮಾಡಿದರಲ್ಲ, ಅದೊಂದು ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ.